ಜೀನ್ಸ್ ಹಾಕಿಕೊಂಡೇ ಗಡ್ಡೆ ಅಗೆಯುವ ಹುಡುಗ

ನಮ್ಮ ದೊಡ್ಡಪ್ಪನ ಮಗ ಜೋಯಿಡಾ ಕಡೆಯ ಸರಕಾರಿ ಹೈಸ್ಕೂಲಿನಲ್ಲಿ ಬಹಳ ವರ್ಷ ಕನ್ನಡ ಮೇಷ್ಟ್ರಾಗಿದ್ದ. ಈಗ ವರ್ಗವಾಗಿ ಧಾರವಾಡದಲ್ಲಿದ್ದಾನೆ. ಅವನ ಫೋನಿನ ತುಂಬ ಹಳೆಯ ವಿದ್ಯಾರ್ಥಿಗಳ ಮೆಸೇಜು. ಒಬ್ಬಳು ನರ್ಸಿಂಗ್ ಮುಗಿಸಿದಳು, ಒಬ್ಬ ಜೆಸಿಬಿ ಓಡಿಸುತ್ತಾನೆ, ಇನ್ನೊಬ್ಬ ಯೂಟ್ಯೂಬ್ ಚಾನೆಲ್ ಮಾಡಿದ್ದಾನೆ. "ಜನವರಿಯಲ್ಲಿ ರಜೆ ಹಾಕ್ತೀನಿ. ಇವರನ್ನೆಲ್ಲ ನೋಡಿಕೊಂಡು ಬರೋಣ, ಬರ್ತೀಯಾ?" ಎಂದ. ದಾಂಡೇಲಿಯ ರಾಫ್ಟಿಂಗ್ ಬಗ್ಗೆ, ಮಂಗಟ್ಟೆ ಹಕ್ಕಿಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಅಲ್ಲಿಯ ಹುಡುಗರ ಜತೆ ಕೂತು ಮಾತಾಡಿ ಬರುವ ಪ್ರವಾಸ ನನಗೂ ಹೊಸದು. ಅಣ್ಣನ ಹಳೆಯ ಕಾರಿನಲ್ಲಿ ಹೊರಟೆವು.

ಮೊದಲ ದಿನ: ಧಾರವಾಡ, ದಾಂಡೇಲಿ, ಜೋಯಿಡಾ

ಹಳಿಯಾಳ ದಾಟುವ ತನಕ ಕಬ್ಬಿನ ಗಾಡಿಗಳ ಹಿಂದೆಯೇ ತೆವಳಿದೆವು. ಒಂದೊಂದು ಟ್ರಾಕ್ಟರಿಗೂ ಎರಡೆರಡು ಟ್ರೇಲರ್, ಮೇಲೆ ಕಿವಿ ಕಿತ್ತುಹೋಗುವ ಹಾಗೆ ಹಾಡು. ಓವರ್‌ಟೇಕ್ ಮಾಡುವ ಆಸೆ ಬಿಟ್ಟು ಕಿಟಕಿ ಏರಿಸಿಕೊಂಡು ಕೂರುವುದೇ ವಾಸಿ. ದಾಂಡೇಲಿಯಲ್ಲಿ ಟ್ಯಾಂಕ್ ತುಂಬಿಸಿದೆವು, ಎಟಿಎಂನಿಂದ ಒಂದಿಷ್ಟು ನೋಟು ತೆಗೆದುಕೊಂಡೆವು. ಮುಂದಿನ ಹಳ್ಳಿಗಳಲ್ಲಿ ಫೋನ್‌ಪೇ ಮಾಡುತ್ತೇನೆ ಎಂದರೆ ಅಂಗಡಿಯವರು ನಕ್ಕು ಆಕಾಶ ತೋರಿಸುತ್ತಾರೆ. ಟವರ್ ಎಲ್ಲಿದೆ ಅಂತ.

ಗಣೇಶಗುಡಿಯಲ್ಲಿ ಚಹಾಕ್ಕೆ ನಿಂತೆವು. ಎದುರಿಗೇ ಸೂಪಾ ಅಣೆಕಟ್ಟು, 101 ಮೀಟರ್ ಎತ್ತರ. ಅದರ ಹಿಂದೆ ನಿಂತ ನೀರಿನಡಿ ಸೂಪಾ ಎಂಬ ಊರೇ ಇದೆ. ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವಾಗಿದ್ದ ಊರು. ಅದು ಮುಳುಗಿದ ಮೇಲೆ ಕಚೇರಿಗಳು ಜೋಯಿಡಾಕ್ಕೆ ಬಂದವು, ಜನ ರಾಮನಗರದ ಕಡೆ ಹೋದರು. ಚಹಾ ಕೊಟ್ಟ ಹುಡುಗನಿಗೆ ಇಪ್ಪತ್ತು ಇಪ್ಪತ್ತೆರಡು ಇರಬಹುದು. ಅಣ್ಣನನ್ನು ನೋಡಿದವನೇ "ಸರ್, ನೀವಾ!" ಎಂದು ಲೋಟ ಇಟ್ಟು ಓಡಿಬಂದ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದು ಹೋಗಿತ್ತಂತೆ. ಬೆಳಿಗ್ಗೆ ರಾಫ್ಟಿಂಗ್ ಗೈಡು, ಮಧ್ಯಾಹ್ನದ ಮೇಲೆ ಚಿಕ್ಕಪ್ಪನ ಈ ಅಂಗಡಿ. "ಅಜ್ಜ ಸೂಪಾದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ರು ಸರ್. ನಾನು ಅದೇ ನೀರಿನ ಮೇಲೆ ಬೋಟ್ ಹೊಡೀತೀನಿ" ಎಂದ. ಹೇಳಿದ್ದರಲ್ಲಿ ಬೇಸರವಿರಲಿಲ್ಲ. ರಾಫ್ಟಿನಲ್ಲಿ ಕೂತ ಬೆಂಗಳೂರಿನವರಿಗೆ ಇದನ್ನೇ ಹೇಳಿದರೆ ಟಿಪ್ಸ್ ಜಾಸ್ತಿ ಸಿಗುತ್ತದೆ ಎಂದೂ ಸೇರಿಸಿದ.

ಜೋಯಿಡಾ ದಾಟಿ ಮಣ್ಣಿನ ದಾರಿ ಹಿಡಿದಾಗ ನಾಲ್ಕು ಗಂಟೆ. ಕೆಂಪು ಧೂಳು, ಎರಡೂ ಕಡೆ ಮತ್ತಿ ಮರ, ನಡುನಡುವೆ ಕೊಯ್ದು ಮುಗಿದ ಗದ್ದೆ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸೀಮೆ. ಮೊದಲು ದಾಂಡೇಲಿ-ಅಣಶಿ ಎಂದಿತ್ತು, 2015ರಲ್ಲಿ ನದಿಯ ಹೆಸರು ಇಟ್ಟರು. ಕತ್ತಲಾದ ಮೇಲೆ ಇಂಥ ಒಳದಾರಿಗಳಲ್ಲಿ ಗಾಡಿ ಓಡಿಸಬಾರದು ಎಂದು ಅಣ್ಣ ಮೊದಲೇ ಹೇಳಿದ್ದ, ಹಾಗಾಗಿ ಬಿಸಿಲಿರುವಾಗಲೇ ಹಾಡಿಯನ್ನು ಮುಟ್ಟಿದೆವು.

ಕಾಡಿನ ನಡುವೆ ಬೇಸಾಯ ಮಾಡಿಕೊಂಡಿರುವ ಕುಣಬಿ ಸಮುದಾಯದವರ ಹಾಡಿ. ಏಳೆಂಟು ಮನೆ, ಪ್ರತಿ ಅಂಗಳಕ್ಕೂ ಸಗಣಿ ಸಾರಿಸಿ ಹೊಳಪು ಬಂದಿತ್ತು. ನರ್ಸಿಂಗ್ ಮುಗಿಸಿದ ಹುಡುಗಿಯ ಮನೆ ಅದು. ಗೋವಾದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ, ಎರಡು ದಿನ ರಜೆ ಹಾಕಿ ಬಂದಿದ್ದಳು. ನಾವು ಬರುತ್ತೇವೆಂದೇ ಬಂದದ್ದು ಎಂದು ತಿಳಿದಾಗ ನನಗೆ ಸಂಕೋಚವಾಯಿತು. "ಇಲ್ಲ ಅಕ್ಕಾ, ಮುಡ್ಲಿ ತಿನ್ನೋಕೆ ಬಂದೆ" ಎಂದಳು.

ಮುಡ್ಲಿ ಈ ಭಾಗದ ಗಡ್ಡೆಗಳಲ್ಲಿ ದೊಡ್ಡ ಹೆಸರು. ಕೆಸುವಿನ ಜಾತಿಯದು. ಜೋಯಿಡಾದಲ್ಲಿ ವರ್ಷಕ್ಕೊಮ್ಮೆ ಗಡ್ಡೆ-ಗೆಣಸು ಮೇಳ ಆಗುತ್ತದೆ, ನೂರಾರು ಮನೆಯವರು ಅಗೆದು ತಂದು ರಾಶಿ ಹಾಕುತ್ತಾರೆ. ಈ ವರ್ಷದ್ದು ನಾವು ಹೋಗುವಷ್ಟರಲ್ಲಿ ಮುಗಿದಿತ್ತು. ಅದನ್ನೇ ಗುರಿ ಇಟ್ಟುಕೊಂಡು ಹೋಗುವವರು ಊರಿನವರಿಗೆ ಫೋನ್ ಮಾಡಿ ದಿನ ಕೇಳಿಕೊಳ್ಳುವುದು ಒಳ್ಳೆಯದು. ನಮಗೆ ಅಂಗಳದಲ್ಲೇ ಮೇಳ ಆಯಿತು. ಹುಡುಗಿಯ ಅಮ್ಮ ಮುಡ್ಲಿಯನ್ನು ದೊಡ್ಡ ದೊಡ್ಡ ಹೋಳು ಮಾಡಿ ಉಪ್ಪು ಹಾಕಿ ಬೇಯಿಸಿದರು. ಅದರ ಜತೆ ಒಣಮೀನಿನ ಸಾರು, ಕೆಂಪಕ್ಕಿ ಅನ್ನ, ಮತ್ತೆ ಒಂದು ಎಲೆಯ ಮೇಲೆ ಚಿಗಳಿ ಚಟ್ನಿ. ಚಿಗಳಿ ಅಂದರೆ ಮರದ ಮೇಲೆ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ. ನಾನು ಕಣ್ಣು ಮುಚ್ಚಿ ನಾಲಿಗೆಗೆ ಇಟ್ಟೆ. ಹುಳಿ! ನಿಂಬೆಗಿಂತ ಚುರುಕಾದ ಹುಳಿ, ಹಿಂದೆಯೇ ಹಸಿಮೆಣಸಿನ ಖಾರ. ಎರಡನೇ ಸಲ ಕೇಳಿ ಹಾಕಿಸಿಕೊಂಡೆ. ಅಣ್ಣ ಇಷ್ಟು ವರ್ಷ ಇಲ್ಲೇ ಇದ್ದೂ ಅದನ್ನು ಮುಟ್ಟುವುದಿಲ್ಲ.

ಊಟ ಆದ ಮೇಲೆ ಬೆಂಕಿಯ ಸುತ್ತ ಕೂತೆವು. ಜನವರಿಯ ರಾತ್ರಿ ಇಲ್ಲಿ ಸ್ವೆಟರ್ ಒಂದೇ ಸಾಲುವುದಿಲ್ಲ, ಕಂಬಳಿ ಬೇಕು. ಹುಡುಗಿ ತನ್ನ ಕಥೆ ಶುರು ಮಾಡಿದ್ದು ಎಲ್ಲಿಂದ ಗೊತ್ತಾ? ಶಾಲೆಗೆ ನಡೆದ ದಾರಿಯಿಂದ ಅಲ್ಲ, ಬಡತನದಿಂದ ಅಲ್ಲ. ಜಾತಿ ಪ್ರಮಾಣಪತ್ರದಿಂದ.

"ನಮ್ಮತ್ತೆಯನ್ನು ಗೋವಾಕ್ಕೆ ಕೊಟ್ಟಿದ್ದು. ಗಡಿ ಅಂದರೆ ಏನಕ್ಕಾ, ಗುಡ್ಡದ ಆ ಕಡೆ. ಅವಳ ಮಗ, ನಾನು ಒಂದೇ ವಯಸ್ಸು. ಅವನು ಎಸ್‌ಟಿ. ನಾನಲ್ಲ."

ಗೋವಾದಲ್ಲಿ ಕುಣಬಿ, ಗಾವಡಾ, ವೇಳಿಪ ಸಮುದಾಯಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದವು. ಕರ್ನಾಟಕದ ಕುಣಬಿಗಳು ಇನ್ನೂ ಕೇಳುತ್ತಲೇ ಇದ್ದಾರೆ. ಭಾಷೆ ಒಂದೇ ಕೊಂಕಣಿ, ಹಬ್ಬ ಒಂದೇ, ಗಡ್ಡೆಯೂ ಒಂದೇ. ಹುಡುಗಿಗೆ ನರ್ಸಿಂಗ್ ಫೀಸಿಗೆ ಅಪ್ಪ ಎರಡು ಎಮ್ಮೆ ಮಾರಿದರಂತೆ. ಅತ್ತೆಯ ಮಗನಿಗೆ ಸ್ಕಾಲರ್‌ಶಿಪ್ ಬಂತು. "ಅವನ ಮೇಲೆ ನನಗೆ ಸಿಟ್ಟಿಲ್ಲ. ಸುಮ್ನೆ ಒಂದು ಲೆಕ್ಕ ಹೇಳಿದೆ" ಎಂದಳು.

ಮತ್ತೆ ಪ್ಯಾಕೇಜಿನ ಮಾತು ಬಂತು. ಹುಲಿ ಸಂರಕ್ಷಿತ ಪ್ರದೇಶದಿಂದ ಒಪ್ಪಿ ಹೊರಹೋಗುವ ಕುಟುಂಬಕ್ಕೆ ಕೊಡುವ ಹಣ ಮೊದಲು 10 ಲಕ್ಷ ಇತ್ತು, 2021ರಲ್ಲಿ 15 ಲಕ್ಷ ಆಯಿತು. 18 ತುಂಬಿದ ಮಗನನ್ನು ಬೇರೆ ಕುಟುಂಬ ಎಂದೇ ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ಇಲ್ಲಿ ಹದಿನೆಂಟರ ಹುಟ್ಟುಹಬ್ಬಕ್ಕೆ ಬೇರೆಯೇ ತೂಕ. ಪಕ್ಕದ ಹಾಡಿಯಲ್ಲಿ ಹೋದವರೂ ಇದ್ದಾರೆ, ಹೋಗಿ ದಾಂಡೇಲಿಯಲ್ಲಿ ಬಾಡಿಗೆ ಮನೆಯಲ್ಲಿರುವವರೂ ಇದ್ದಾರೆ. ಹುಡುಗಿಯ ತಮ್ಮನಿಗೆ ಮುಂದಿನ ವರ್ಷ ಹದಿನೆಂಟು. ಅವನು ಬೆಂಕಿಗೆ ಕಟ್ಟಿಗೆ ದೂಡುತ್ತಾ "ನಾನು ಇಲ್ಲೇ ಇರ್ತೀನಿ, ಆದರೆ ಟವರ್ ಬರಬೇಕು" ಎಂದ. ಅಮ್ಮ ಕೊಂಕಣಿಯಲ್ಲಿ ಏನೋ ಹೇಳಿ ನಕ್ಕರು. ಹುಡುಗಿ ಕನ್ನಡ ಮಾಡಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡನೇ ದಿನ: ಕುಂಬಾರವಾಡ, ಉಳವಿ ದಾರಿ

ಬೆಳಿಗ್ಗೆ ಇಬ್ಬನಿ ಎಷ್ಟಿತ್ತೆಂದರೆ ಕಾರಿನ ಗಾಜು ಒರೆಸಲು ಅಣ್ಣನ ಟವೆಲ್ ಪೂರ್ತಿ ನೆನೆಯಿತು. ಹಾಡಿಯವರ ಪ್ರಕಾರ ಬಿಎಸ್‌ಎನ್‌ಎಲ್ ಇದ್ದರೆ ಒಂದೆರಡು ಕಡೆ ಸಿಗ್ನಲ್ ಹಿಡಿಯುತ್ತದೆ, ಉಳಿದ ಸಿಮ್‌ಗಳು ಟಾರ್ಚಿಗೆ, ಫೋಟೋಕ್ಕೆ ಮಾತ್ರ. ಮ್ಯಾಪ್ ನಂಬಿಕೊಂಡು ಹೋಗುವವರು ದಾಂಡೇಲಿಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಪ್ರತಿ ತಿರುವಿನಲ್ಲೂ ಯಾರಾದರೂ ಬರಲಿ ಎಂದು ಕಾಯಬೇಕು. ನಾವು ಕಾಯ್ದೆವು. ಹಾಗೆ ಕಾಯುವಾಗಲೇ ಚಕ್ಕಡಿಗಳು ಸಿಕ್ಕಿದ್ದು.

ಉಳವಿ ಜಾತ್ರೆಯ ಚಕ್ಕಡಿಗಳು. ಚೆನ್ನಬಸವಣ್ಣನವರು ಐಕ್ಯವಾದ ಸ್ಥಳ ಉಳವಿ. ಭಾರತ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಜಾತ್ರೆ. ಧಾರವಾಡ, ಬೆಳಗಾವಿ ಕಡೆಯ ರೈತರು ಈಗಲೂ ಎತ್ತಿನ ಗಾಡಿ ಕಟ್ಟಿಕೊಂಡು ಕಾಡು ದಾಟಿ ಬರುತ್ತಾರೆ. ಎತ್ತಿನ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಗಾಡಿಯಲ್ಲಿ ಮೇವು, ರೊಟ್ಟಿ ಬುಟ್ಟಿ, ಅಜ್ಜಿ, ಮೊಮ್ಮಗ. ಅದರ ಹಿಂದೆ ನಿಧಾನಕ್ಕೆ ಹೋಗುವಾಗ ಕಾರಿನ ಹಿಂದಿನ ಗಾಲಿ ಪಂಕ್ಚರ್. ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿ ಇಲ್ಲ. ಒಂದು ಚಕ್ಕಡಿಯ ಹುಡುಗ ಕೆಳಗಿಳಿದು ನೋಡಿ, "ಅಣ್ಣಾರ, ನಮ್ಮ ಗಾಡಿಗೆ ಇಂಥಾ ತ್ರಾಸ್ ಇಲ್ರೀ" ಎಂದು ನಕ್ಕ. ಸವದತ್ತಿ ಕಡೆಯವನು, ಡಿಪ್ಲೊಮಾ ಓದುತ್ತಿದ್ದವನು. ಜಾತ್ರೆಗೆಂದು ಕಾಲೇಜಿಗೆ ಚಕ್ಕರ್. ಮೂರು ತಲೆಮಾರಿನಿಂದ ಅವರ ಮನೆಯ ಗಾಡಿ ತಪ್ಪಿಲ್ಲವಂತೆ. ಈ ಸಲ ಅಪ್ಪನಿಗೆ ಮೊಣಕಾಲು ನೋವು, ಹಗ್ಗ ಇವನ ಕೈಗೆ ಬಂದಿದೆ. ದಾರಿಯುದ್ದಕ್ಕೂ ವಿಡಿಯೊ ಮಾಡಿಟ್ಟುಕೊಂಡಿದ್ದಾನೆ, ನೆಟ್‌ವರ್ಕ್ ಸಿಕ್ಕ ಕೂಡಲೇ ಹಾಕುವುದಕ್ಕೆ. ಬುಟ್ಟಿಯಿಂದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ತೆಗೆದುಕೊಟ್ಟ. ರಸ್ತೆಯ ಪಕ್ಕ ನಿಂತು ತಿಂದೆವು.

ನಮ್ಮನ್ನು ಕಾಪಾಡಿದ್ದು ಆ ಯೂಟ್ಯೂಬ್ ಚಾನೆಲ್‌ನ ಹುಡುಗ. ನಾವು ಇನ್ನೂ ಬರಲಿಲ್ಲವಲ್ಲ ಎಂದು ಅವನೇ ಹುಡುಕಿಕೊಂಡು ಬೈಕಿನಲ್ಲಿ ಬಂದ. ಸ್ಟೆಪ್ನಿಯನ್ನು ಬೆನ್ನಿಗೆ ಕಟ್ಟಿಸಿಕೊಂಡು ಹೋಗಿ ಗಾಳಿ ತುಂಬಿಸಿ ತಂದ. ಮುಕ್ಕಾಲು ದಿನ ಹಾಗೇ ಕಳೆಯಿತು. ಬೇಸರ ಆಗಲಿಲ್ಲ, ಯಾಕೆಂದರೆ ಒಂದಾದ ಮೇಲೊಂದು ಚಕ್ಕಡಿ ಬರುತ್ತಲೇ ಇತ್ತು, ಪ್ರತಿಯೊಂದರಿಂದಲೂ ಯಾರೋ ಒಬ್ಬರು ಇಳಿದು ಗಾಲಿ ನೋಡಿ ಸಲಹೆ ಕೊಟ್ಟು ಹೋಗುತ್ತಿದ್ದರು.

ಹುಡುಗನ ಚಾನೆಲ್ ಕೊಂಕಣಿ, ಕನ್ನಡ ಎರಡರಲ್ಲೂ ಇದೆ. ಯಾವ ಗಡ್ಡೆಯನ್ನು ಯಾವಾಗ ನೆಡಬೇಕು, ಕಾಡುಹಂದಿಯಿಂದ ಹೇಗೆ ಉಳಿಸಿಕೊಳ್ಳಬೇಕು, ಬೀಜದ ಗಡ್ಡೆಯನ್ನು ಬೂದಿ ಹಚ್ಚಿ ಹೇಗೆ ಇಡಬೇಕು. ಅಮ್ಮ ಕೆಲಸ ಮಾಡುತ್ತಾ ಹೇಳುತ್ತಾಳೆ, ಇವನು ಹಿಡಿಯುತ್ತಾನೆ. ವಿಡಿಯೊ ಹಾಕಬೇಕೆಂದರೆ ಮನೆಯಿಂದ ದಿಬ್ಬ ಹತ್ತಬೇಕು. ನಮ್ಮನ್ನೂ ಹತ್ತಿಸಿದ. ಅರ್ಧ ಗಂಟೆ ಏರು, ತುದಿಯಲ್ಲಿ ಒಂದು ಬಂಡೆ, ಬಂಡೆಯ ಮೇಲೆ ಇನ್ನೂ ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಒಬ್ಬ ಅರ್ಜಿ ತುಂಬುತ್ತಿದ್ದ. ಇನ್ನೊಬ್ಬ ಕ್ರಿಕೆಟ್ ನೋಡುತ್ತಿದ್ದ. ಹುಡುಗಿ ನಮಗೆ ಬೆನ್ನು ತಿರುಗಿಸಿ ಫೋನಿನಲ್ಲಿ ಯಾರ ಜತೆಗೋ ಜಗಳ ಆಡುತ್ತಿದ್ದಳು. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸು ಇದೇ ಬಂಡೆಯ ಮೇಲೆ ಆಯಿತಂತೆ. ಮಳೆ ಬಂದರೆ ಒಂದೇ ಕೊಡೆಯ ಕೆಳಗೆ ನಾಲ್ಕು ಜನ, ಒಂದು ಫೋನು. ಅಣ್ಣ ಇದನ್ನು ಕೇಳಿ ಸುಮ್ಮನಾದ. ಆ ಕ್ಲಾಸು ತೆಗೆದುಕೊಂಡವರಲ್ಲಿ ಅವನೂ ಒಬ್ಬ.

ಚಾನೆಲ್ ಕೆಳಗೆ ಬರುವ ಕಾಮೆಂಟ್ ಒಂದನ್ನು ಹುಡುಗ ಓದಿ ತೋರಿಸಿದ. ನಿಮ್ಮ ಸಾಂಪ್ರದಾಯಿಕ ಉಡುಪಿನಲ್ಲಿ ವಿಡಿಯೊ ಮಾಡಿದರೆ ಇನ್ನೂ ಚೆನ್ನಾಗಿರುತ್ತದೆ ಎಂದು ಯಾರೋ ಬರೆದಿದ್ದರು. ಹಾಗೆ ಬರೆಯುವವರು ತುಂಬ ಜನ.

"ಅಜ್ಜ ಲಂಗೋಟಿ ಹಾಕ್ತಿದ್ರು, ಕಂಬಳಿ ಹೊದೀತಿದ್ರು. ಅಪ್ಪ ಚಡ್ಡಿ. ನಾನು ಜೀನ್ಸ್ ಹಾಕ್ಕೊಂಡೇ ಗಡ್ಡೆ ಅಗೀತೀನಿ. ಗಡ್ಡೆಗೆ ಗೊತ್ತಾಗಲ್ಲ ಅಲ್ವಾ ಅಕ್ಕಾ?"

ಅಜ್ಜಂದಿರ ಕಾಲದ ಕುಮರಿ ಬೇಸಾಯದ ಬಗ್ಗೆಯೂ ಅವನಿಗೆ ಚೆನ್ನಾಗಿ ಗೊತ್ತು. ಕಾಡಿನ ಒಂದು ತುಂಡು ಕಡಿದು ಸುಟ್ಟು ಒಂದೆರಡು ವರ್ಷ ಬೆಳೆ ತೆಗೆದು ಬಿಟ್ಟು ಮುಂದಕ್ಕೆ ಹೋಗುವ ಪದ್ಧತಿ ಅದು. ಬ್ರಿಟಿಷರು ಈ ಜಿಲ್ಲೆಯಲ್ಲಿ ಅದನ್ನು ನಿಲ್ಲಿಸಿದರು. ಅವರಿಗೆ ತೇಗ ಬೇಕಿತ್ತು. ಅದರ ಬಗ್ಗೆ ಒಂದು ವಿಡಿಯೊ ಮಾಡಬೇಕೆಂದು ಆಸೆ ಇದೆ, ಆದರೆ ಈಗ ಯಾರಾದರೂ ಅದನ್ನು ನೋಡಿ ಇವರು ಕಾಡು ಸುಡುವವರು ಎಂದು ತಿಳಿದರೆ ಕಷ್ಟ ಎಂದು ಕೈಬಿಟ್ಟಿದ್ದಾನೆ. ಇಪ್ಪತ್ಮೂರರ ಹುಡುಗ ಏನು ಹೇಳಬಾರದು ಎಂದೂ ಇಷ್ಟು ಯೋಚನೆ ಮಾಡಬೇಕಾಗುತ್ತದೆ.

ಉಳವಿಗೆ ನಾವು ಹೋಗಲೇ ಇಲ್ಲ. ಕತ್ತಲಾಗುವುದರೊಳಗೆ ಜೋಯಿಡಾಕ್ಕೆ ವಾಪಸ್ಸಾಗಿ ಮಲಗಿದೆವು.

ಮೂರನೇ ದಿನ: ಯಲ್ಲಾಪುರ

ದಾಂಡೇಲಿಗೆ ಮರಳಿ ಭಾಗವತಿ ಊರಿನ ಮೇಲೆ ಹಾದು ಯಲ್ಲಾಪುರ. ಮೊದಲ ಕೆಲಸ ಪಂಕ್ಚರ್ ಅಂಗಡಿ, ಎರಡನೆಯದು ಊಟ. ಒಂದು ಖಾನಾವಳಿಯಲ್ಲಿ ಅಪ್ಪೆಹುಳಿ ಸಿಕ್ಕಿತು. ಉಪ್ಪಿನಲ್ಲಿಟ್ಟ ಅಪ್ಪೆಮಿಡಿಯ ಸಾರು, ಮೇಲೆ ಇಂಗಿನ ಒಗ್ಗರಣೆ. ಅನ್ನಕ್ಕೆ ಹಾಕಿಕೊಳ್ಳುವ ಬದಲು ಲೋಟದಲ್ಲೇ ಕುಡಿದೆ. ಕುಡಿದ ಮೇಲೆ ನಿದ್ದೆ ಬರುತ್ತದೆ ಎಂದು ಬಡಿಸುವವರು ಎಚ್ಚರಿಸಿದ್ದರು. ಅಣ್ಣ ಹೊಡೆಯುವ ಸೀಟಿನಲ್ಲಿದ್ದುದರಿಂದ ಅವನಿಗೆ ಅರ್ಧ ಲೋಟವೇ.

ಇಡಗುಂದಿ ದಾಟಿ ಒಳದಾರಿ ಹಿಡಿದೆವು. ಎರಡೂ ಬದಿಗೆ ಅಡಿಕೆ ತೋಟ. ಕೊನೆ ಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ ಕಾಲ. ಮರದಿಂದ ಮರಕ್ಕೆ ಜೀಕಿ ಹೋಗುವವರನ್ನು ನೋಡಿದರೆ ನಮಗೆ ಕೆಳಗೆ ನಿಂತೇ ತಲೆ ತಿರುಗುತ್ತದೆ. ತೋಟಗಳ ಆಚೆ ಕಾಡಂಚಿಗೆ ಸಿದ್ದಿಗಳ ಕೇರಿ.

ಸಿದ್ದಿಗಳ ಹಿರಿಯರು ಆಫ್ರಿಕಾದವರು. ಪೋರ್ಚುಗೀಸರು ಹಡಗಿನಲ್ಲಿ ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ತಪ್ಪಿಸಿಕೊಂಡು ಈ ಕಾಡು ಸೇರಿದವರು ಬಹಳ. ಈಗ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಹರಡಿಕೊಂಡಿದ್ದಾರೆ. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಯವರಿಗೆ 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಈ ಸಮುದಾಯದಿಂದ ಶಾಸನಸಭೆ ಮೆಟ್ಟಿಲು ಹತ್ತಿದ ಮೊದಲಿಗರು ಅವರೇ.

ನಾವು ಹೋದ ಮನೆಯ ಹುಡುಗಿ ಅಣ್ಣನ ವಿದ್ಯಾರ್ಥಿ ಅಲ್ಲ, ಆ ನರ್ಸ್ ಹುಡುಗಿಯ ಹಾಸ್ಟೆಲ್ ಗೆಳತಿ. ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿದ್ದಾಳೆ. ಮಾತು ಪಟಪಟ. ನಾನು ಏನಾದರೂ ಕೇಳುವ ಮೊದಲೇ, "ಅಕ್ಕಾ, ಎರಡು ಪ್ರಶ್ನೆ ಬಿಟ್ಟು ಬೇರೆ ಏನು ಬೇಕಾದರೂ ಕೇಳಿ. ಒಂದು, ನೀವು ಯಾವ ದೇಶದವರು. ಇನ್ನೊಂದು, ಕೂದಲು ಮುಟ್ಟಲಾ" ಎಂದಳು.

ಆಮೇಲೆ ತಾನೇ ಆ ಎರಡರ ಕಥೆ ಹೇಳಿದಳು. ಹುಬ್ಬಳ್ಳಿ ಬಸ್ಸಿನಲ್ಲಿ ಕಂಡಕ್ಟರು ಇವಳ ಹತ್ತಿರ ಬಂದಾಗ ಇಂಗ್ಲಿಷಿಗೆ ತಿರುಗುತ್ತಾರಂತೆ. ಇವಳು "ಒಂದು ವಿದ್ಯಾನಗರ ಕೊಡ್ರೀ" ಎಂದರೆ ಅಕ್ಕಪಕ್ಕದವರು ತಿರುಗಿ, "ಕನ್ನಡ ಭಾರಿ ಚಲೋ ಕಲ್ತೀರಿ ನೋಡ್ರಿ" ಎಂದು ಮೆಚ್ಚುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ದಿನಕ್ಕೊಂದು ಉತ್ತರ. "ನೈಜೀರಿಯಾ ಅಂದೆ ಒಮ್ಮೆ. ಪಕ್ಕದಲ್ಲಿ ಕೂತ ಅಜ್ಜಿ ಪಾಪ ಅಷ್ಟು ದೂರದಿಂದ ಬಂದೀಯಾ ಅಂತ ಚಕ್ಕುಲಿ ಕೊಟ್ಟರು. ತಿಂದೆ." ಎಲ್ಲರೂ ನಕ್ಕೆವು. ಅವಳ ಅಮ್ಮ ಮಾತ್ರ ನಗಲಿಲ್ಲ. ಕೆಲಸಕ್ಕೆ ಹೋದಲ್ಲಿ ಅವರು ಅನುಭವಿಸಿದ್ದು ಬೇರೆ ಇರಬೇಕು. ಅದನ್ನು ಅವರು ಹೇಳಲಿಲ್ಲ.

ಹುಡುಗಿಯ ಚಿಕ್ಕಪ್ಪ ಕೊನೆ ಕೊಯ್ಲು ಮುಗಿಸಿ ಬಂದರು. ಎತ್ತರದ ಆಳು, ಐವತ್ತರ ಹತ್ತಿರ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಕ್ಕೆ ತರಬೇತಿ ಕೊಡುವ ಯೋಜನೆ ಶುರು ಮಾಡಿತ್ತು. ಅದರಿಂದ ಕಮಲಾ ಸಿದ್ದಿಯಂಥ ಓಟಗಾರ್ತಿಯರು ಬಂದರು. 1993ರಲ್ಲಿ ಅದು ನಿಂತುಹೋಯಿತು. ಚಿಕ್ಕಪ್ಪ ಆಗ ಹಾಸ್ಟೆಲಿನಲ್ಲಿದ್ದ ಹುಡುಗ. ದಿನಾ ಮೊಟ್ಟೆ, ಹಾಲು, ಬೂಟು. ಒಂದು ದಿನ ಊರಿಗೆ ಹೋಗಿ ಎಂದರು, ಹೋದ. "ಬೂಟು ಹರಿಯೋ ತನಕ ತೋಟಕ್ಕೆ ಅದನ್ನೇ ಹಾಕ್ಕೊಂಡು ಹೋದೆ" ಎಂದರು. ಈ ಕಥೆಯನ್ನು ಹುಡುಗಿಯ ತಮ್ಮ ಫೋನಿನಲ್ಲಿ ವಿಡಿಯೊ ಮಾಡಿ ಹಾಕಿದ್ದಾನೆ. ಚಿಕ್ಕಪ್ಪನಿಗೆ ಅದನ್ನು ನೋಡುವುದಕ್ಕೆ ನಾಚಿಕೆ. ಯಾರಾದರೂ ಹಚ್ಚಿದರೆ ಎದ್ದು ಹೋಗುತ್ತಾರೆ. ಅವತ್ತೂ ಎದ್ದು ಹೋಗಿ ಅಡಿಕೆ ಸುಲಿಯಲು ಕೂತರು.

ತಮ್ಮನದು ಇನ್ನೊಂದು ಕಥೆ. ರಜೆಯಲ್ಲಿ ದಾಂಡೇಲಿ ಕಡೆಯ ಒಂದು ರೆಸಾರ್ಟಿನಲ್ಲಿ ಸಂಜೆ ಕುಣಿಯಲು ಹೋಗುತ್ತಾನೆ. ಡಮಾಮಿ ಎಂಬ ವಾದ್ಯ ಬಾರಿಸುವುದು ಅವನಿಗೆ ಅಜ್ಜನಿಂದ ಬಂದದ್ದು. ರೆಸಾರ್ಟಿನವರು ಹುಲ್ಲಿನ ಲಂಗ ಕೊಟ್ಟರಂತೆ, ಮುಖಕ್ಕೆ ಬಿಳಿ ಬಣ್ಣ ಹಚ್ಚಿದರಂತೆ. "ಅಜ್ಜ ಯಾವತ್ತೂ ಹುಲ್ಲು ಉಟ್ಟವರಲ್ಲ. ಪಂಚೆ, ಬನಿಯನ್. ಆದರೆ ಒಂದು ರಾತ್ರಿಗೆ ಸಿಗೋ ದುಡ್ಡು ತೋಟದ ಕೂಲಿಗಿಂತ ಜಾಸ್ತಿ. ಉಡ್ತೀನಿ. ಮನೆಗೆ ಬಂದು ಸ್ನಾನ ಮಾಡ್ತೀನಿ." ಅಕ್ಕ ಇದನ್ನು ಒಪ್ಪುವುದಿಲ್ಲ. ನಮ್ಮೆದುರೇ ಜಗಳ ಶುರುವಾಯಿತು. ನಿನ್ನ ಪುಸ್ತಕದ ದುಡ್ಡು ಅದೇ ಹುಲ್ಲಿನಿಂದ ಬಂದದ್ದು ಎಂದು ಅವನು. ಹಾಗಾದರೆ ಪಂಚೆ ಉಟ್ಟು ಕುಣಿಯುತ್ತೇನೆ ಅಂತ ಹೇಳುವುದಕ್ಕೆ ಬಾಯಿಲ್ಲವಾ ಎಂದು ಇವಳು. ನನ್ನ ಮನಸ್ಸು ಇವಳ ಕಡೆಗೇ ಇತ್ತು, ಆದರೆ ದುಡ್ಡಿನ ಮಾತಿಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ರಾತ್ರಿ ಊಟಕ್ಕೆ ಕೋಳಿ. ಊಟವಾದ ಮೇಲೆ ತಮ್ಮನೇ ಡಮಾಮಿ ತಂದ. ಯಾರೂ ಕೇಳಿರಲಿಲ್ಲ. ಅಕ್ಕನೂ ಎದ್ದು ಕುಣಿದಳು. ಜಗಳ ಏನಾಯಿತೋ ಗೊತ್ತಿಲ್ಲ.

ನಾಲ್ಕನೇ ದಿನ: ಅರಬೈಲ್ ಘಾಟಿ ಇಳಿದು ಅಂಕೋಲಾ

ಅರಬೈಲ್ ಘಾಟಿಯಲ್ಲಿ ಲಾರಿಗಳದ್ದೇ ರಾಜ್ಯ. ಒಂದು ಕೆಟ್ಟು ನಿಂತರೆ ಗಂಟೆಗಟ್ಟಲೆ ಎಲ್ಲರೂ ನಿಲ್ಲಬೇಕು. ಬೆಳಿಗ್ಗೆ ಬೇಗ ಇಳಿದುಬಿಟ್ಟರೆ ಕ್ಷೇಮ. ಇಳಿಯುತ್ತಿದ್ದ ಹಾಗೆ ಸ್ವೆಟರ್ ತೆಗೆದೆ, ಆಮೇಲೆ ಎಸಿ ಹಾಕಿದೆವು. ಗುಳ್ಳಾಪುರದಲ್ಲಿ ಗಂಗಾವಳಿ ಕಂಡಳು, ತೆಳ್ಳಗೆ, ಮಾತಿಲ್ಲದೆ. 2021ರ ಜುಲೈನಲ್ಲಿ ಇದೇ ಹೊಳೆ ಇಲ್ಲಿಯ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು ಎಂದರೆ ಜನವರಿಯಲ್ಲಿ ನೋಡಿದವರು ನಂಬುವುದಿಲ್ಲ. ಅದೇ ಮಳೆಗೆ ಘಟ್ಟದ ಮೇಲಿನ ಕಳಚೆಯಲ್ಲಿ ಗುಡ್ಡವೇ ಜಾರಿತ್ತು.

ಅಂಕೋಲಾದಲ್ಲಿ ಮಧ್ಯಾಹ್ನ ಮೀನೂಟ. ಬಂಗಡೆ ಸಾರು, ಹುರಿದ ನೊಗಲಿ, ಕುಡಿಯಲು ಮುರುಗಲು ಕಡಿ. ಹನ್ನೆರಡೂವರೆಗೇ ಹೋಗಬೇಕು, ಎರಡಕ್ಕೆ ಹೋದರೆ ಸಾರು ಮಾತ್ರ ಉಳಿದಿರುತ್ತದೆ.

ಇಲ್ಲಿ ನಮಗೆ ಸಿಗಬೇಕಾದವನು ಹಾಲಕ್ಕಿ ಒಕ್ಕಲಿಗರ ಹುಡುಗ, ಅಣ್ಣನ ಸಹೋದ್ಯೋಗಿಯೊಬ್ಬರ ಶಿಷ್ಯ. ಮಂಗಳೂರಿನಲ್ಲಿ ಕೆಲಸ, ವಾರಕ್ಕೊಮ್ಮೆ ರೈಲಿಗೆ ಬರುತ್ತಾನೆ. ಹಾಲಕ್ಕಿ ಎಂದ ಕೂಡಲೇ ಹೊರಗಿನವರಿಗೆ ಎರಡು ಹೆಸರು ನೆನಪಾಗುತ್ತವೆ. ಬಡಗೇರಿಯ ಸುಕ್ರಿ ಬೊಮ್ಮಗೌಡ, ಹಾಡು ಮತ್ತು ಸಾರಾಯಿ ವಿರುದ್ಧದ ಹೋರಾಟಕ್ಕೆ ಹೆಸರಾದವರು. ಹೊನ್ನಳ್ಳಿಯ ತುಳಸಿ ಗೌಡ, ಅರಣ್ಯ ಇಲಾಖೆಯ ಸಸಿತೋಟದಲ್ಲಿ ಬದುಕು ಸವೆಸಿ, ಬರಿಗಾಲಿನಲ್ಲಿ ಹೋಗಿ ಪದ್ಮಶ್ರೀ ಪಡೆದವರು. ತುಳಸಿ ಗೌಡ 2024ರ ಡಿಸೆಂಬರಿನಲ್ಲಿ ತೀರಿಕೊಂಡರು, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ. ಎರಡೇ ತಿಂಗಳ ಅಂತರ. ಆಗ ಊರಿಗೆ ಬಂದ ಕ್ಯಾಮೆರಾಗಳನ್ನು ನೋಡಿ ಹುಡುಗನಿಗೆ ತನ್ನ ಅಜ್ಜಿಯ ನೆನಪಾಯಿತಂತೆ. ಅವರಿಗೆ ಪ್ರಶಸ್ತಿ ಇಲ್ಲ, ಆದರೆ ಹಾಡು ಬರುತ್ತದೆ. ಅಂದಿನಿಂದ ಊರಿಗೆ ಬಂದಾಗಲೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡುತ್ತಾನೆ.

ಸಂಜೆಗೆ ಮೊದಲು ಶಿರೂರಿಗೆ ಕರೆದುಕೊಂಡು ಹೋದ. 2024ರ ಜುಲೈ 16ರಂದು ಇಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಚಹಾ ಹೋಟೆಲನ್ನೂ ಹೊತ್ತುಕೊಂಡು ಹೊಳೆಗೆ ಬಿತ್ತು. ಕೇರಳದ ಒಂದು ಲಾರಿ, ಅದರ ಚಾಲಕನನ್ನು ಹುಡುಕುವ ಸುದ್ದಿ ತಿಂಗಳುಗಟ್ಟಲೆ ಟಿವಿಯಲ್ಲಿ ಬಂತು, ಲಾರಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಗುಡ್ಡ ಬಿದ್ದ ರಭಸಕ್ಕೆ ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಗೆ ನುಗ್ಗಿ ಮನೆಗಳನ್ನು ಕೆಡವಿತು. ಅಲ್ಲಿಯವರು ಬಹುಪಾಲು ಹಾಲಕ್ಕಿಗಳೇ.

ಉಳುವರೆಯಲ್ಲಿ ಈ ಹುಡುಗನ ನೆಂಟರಿದ್ದಾರೆ. ಅವರ ಮಗಳು ಪಿಯುಸಿ ಓದುತ್ತಾಳೆ, ಆ ಬೆಳಿಗ್ಗೆ ಮನೆಯಲ್ಲೇ ಇದ್ದವಳು. ಅವಳು ಅದನ್ನು ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಹೇಳಿದಳಂತೆ. "ಲಾರಿ ಕಥೆ ಎಲ್ಲರಿಗೂ ಬತ್ತದೆ. ನಮ್ಮೂರ ಕಥೆ ಹೇಳೂಕೆ ನಾನೇ ಆಗಬೇಕಾಯ್ತು" ಎಂದಳು. ಆ ಚಾಲಕನ ಮನೆಯವರ ದುಃಖವನ್ನು ಅವಳು ಕಡಿಮೆ ಮಾಡಿ ಹೇಳಲಿಲ್ಲ, ಅದು ಬೇರೆ. ಭಾಷಣದಲ್ಲಿ ಏನು ಹೇಳಿದೆ ಎಂದು ಕೇಳಿದೆ. ನೀರಿನ ಬಣ್ಣ, ಅದರ ಸದ್ದು, ಮಣ್ಣಿನಿಂದ ಎತ್ತಿ ತೊಳೆದ ಪಾತ್ರೆಗಳ ಲೆಕ್ಕ. ಪಾತ್ರೆಗಳ ಲೆಕ್ಕ ಹೇಳುವಾಗ ತೀರ್ಪುಗಾರರು ಗಂಟೆ ಬಾರಿಸಿದರು, ಮೂರು ನಿಮಿಷ ಮುಗಿದಿತ್ತು. ಬಹುಮಾನ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎಂದು ನನಗಂತೂ ಈಗಲೂ ಅನ್ನಿಸುತ್ತದೆ.

ವಾಪಸ್ಸು ಹುಡುಗನ ಮನೆಗೆ ಬಂದಾಗ ದೀಪ ಹಚ್ಚಿದ್ದರು. ಅಜ್ಜಿ ಕೊರಳ ತುಂಬ ಕರಿಮಣಿ ಸರ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದರು. ನಾವು ಹುಬ್ಬಳ್ಳಿ ಕಡೆ ಹೊರಡಬೇಕು, ಘಾಟಿಯಲ್ಲಿ ಲಾರಿ ಸಾಲು ಬೆಳೆಯುವ ಮೊದಲು ಹತ್ತಬೇಕು ಎಂದು ಅಣ್ಣನ ಅವಸರ. ಹುಡುಗ ಹೋದ ವಾರ ಹಿಡಿದ ಹಾಡೊಂದನ್ನು ಕೇಳಿಸಿದ. ಮದುವೆಯಲ್ಲಿ ಹೆಣ್ಣು ಕಳಿಸುವಾಗಿನ ಹಾಡು. ಅಜ್ಜಿ ತಲೆ ಬಾಗಿಸಿ ಕೇಳಿದರು. ಮುಗಿದ ಮೇಲೆ ಹುಡುಗನ ಕಡೆ ತಿ‌ರುಗಿ, "ಎರಡು ಸೊಲ್ಲು ಬಿಟ್ಟೀಯಲ್ಲೋ ತಮಾ" ಎಂದರು.

ಫೋನಿನ ಜಾಗ ತುಂಬಿತ್ತು, ಅದಕ್ಕೆ ಕತ್ತರಿಸಿದೆ ಎಂದು ಇವನು ಸಮಜಾಯಿಷಿ ಕೊಟ್ಟ. ಅಜ್ಜಿ ಕೇಳಲಿಲ್ಲ. ಇದ್ದದ್ದನ್ನು ಅಳಿಸು, ಮೊದಲಿನಿಂದ ಹೇಳುತ್ತೇನೆ ಎಂದರು. ಜಾಗ ಮಾಡಲು ಹುಡುಗ ತನ್ನ ಗೆಳೆಯನ ಮದುವೆಯ ವಿಡಿಯೊಗಳನ್ನು ಒಂದೊಂದಾಗಿ ಅಳಿಸತೊಡಗಿದ. ಪಕ್ಕದ ಮನೆಯ ಇಬ್ಬರು ಹೆಂಗಸರೂ ಸೊಲ್ಲಿಗೆ ದನಿ ಸೇರಿಸಲು ಬಂದು ಕೂತರು. ಹಾಡಿಗೆ ಮೂರು ಜನ ಬೇಕೇ ಬೇಕಂತೆ, ಹೋದ ವಾರ ಒಬ್ಬರೇ ಹಾಡಿದ್ದೂ ತಪ್ಪಂತೆ. ಅಣ್ಣ ಗಡಿಯಾರ ನೋಡಿದ. ಅಜ್ಜಿ ಅವನನ್ನು ನೋಡಿ, "ಮಾಸ್ತರೇ, ಕೂತ್ಕಳಿ" ಎಂದರು. ಅಣ್ಣ ಕಾರಿನ ಕೀಲಿ ಜೇಬಿಗೆ ಹಾಕಿಕೊಂಡು ಕೂತ. ಅವತ್ತು ರಾತ್ರಿ ಅರಬೈಲ್ ಘಾಟಿಯಲ್ಲಿ ಎರಡು ಗಂಟೆ ನಿಂತೆವು.